ಕರಪತ್ರದ ಮೇಲಿನ ಅಕ್ಕ

ನನಗೆ ಅರ್ಥವಾಗಿತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಕೂತರೆ ಎಲ್ಲಾದರೂ ಮತ್ತೆ ನುಣುಚಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಎರಡು ಸಾವಿರದ ಹನ್ನೊಂದನೇ ಇಸವಿಯಲ್ಲಿ ಸಿಂಗಾಪುರದ ಒಂದು ಹಾಲ್‌ನಲ್ಲಿ, ತುಂಬಿ ಕೂತಿದ್ದ ಕನ್ನಡದವರ ಮುಂದೆ ಮೈಕ್ ಹಿಡಿದು, ಈ ಹೊಸ ವೋಟು ನನ್ನಂಥವಳಿಗೆ ಅರ್ಥವಾಗುವುದಿಲ್ಲ ಎಂದು ಹೇಳಿದೆ. ಅದು ಸುಳ್ಳು. ಅಲ್ಲಿದ್ದ ಎಂಜಿನಿಯರುಗಳಿಗಿಂತ, ಬ್ಯಾಂಕಿನವರಿಗಿಂತ ಮೊದಲು ಅದು ನನಗೆ ಅರ್ಥವಾಗಿತ್ತು. ಆ ಸುಳ್ಳಿನಿಂದ ಸೋತವಳು ನನ್ನ ಸ್ವಂತ ತಂಗಿ.

ನಾನು ಓದಿದ್ದು ಏಳನೇ ಕ್ಲಾಸು. ತಂಗಿ ಹುಟ್ಟಿದಾಗ ನನಗೆ ಹನ್ನೆರಡು ವರ್ಷ. ಅಮ್ಮ ಬಾಣಂತಿತನದಲ್ಲಿ ಹಾಸಿಗೆ ಹಿಡಿದವಳು ವರ್ಷಗಟ್ಟಲೆ ಏಳಲಿಲ್ಲ. ಕೂಸನ್ನು ಸೊಂಟದ ಮೇಲೆ ಹೊತ್ತು ನಾನು ಮನೆಯಲ್ಲಿ ಉಳಿದೆ. ಅದನ್ನು ತ್ಯಾಗ ಗೀಗ ಎಂದು ಹೇಳಿಕೊಳ್ಳುವುದಿಲ್ಲ. ಲೆಕ್ಕದ ಮೇಷ್ಟರ ಕೋಲು ತಪ್ಪಿತೆಂದು ಆಗ ಒಳಗೊಳಗೇ ಖುಷಿಯಾಗಿತ್ತು. ಹೊಟ್ಟೆ ಉರಿಯತೊಡಗಿದ್ದು ಬಹಳ ಕಾಲದ ನಂತರ, ಅವಳು ಓದುತ್ತಾ ಓದುತ್ತಾ ನನ್ನ ಕೈಗೆ ಸಿಗದಷ್ಟು ಎತ್ತರಕ್ಕೆ ಹೋದ ಮೇಲೆ. ನಾನು ಮದುವೆಯಾಗಿ ಸಿಂಗಾಪುರಕ್ಕೆ ಬಂದೆ. ನಮ್ಮ ಯಜಮಾನರು ಹಡಗು ಕಟ್ಟುವ ಯಾರ್ಡಿನಲ್ಲಿ ಫೋರ್‌ಮನ್. ನಮ್ಮ ಮನೆ ಪಾಸಿರ್ ರಿಸ್‌ನಲ್ಲಿ. ಹತ್ತು ವರ್ಷದ ಮೇಲೆ ತಂಗಿಯೂ ಬಂದಳು, ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ. ಗಂಡ ಮಕ್ಕಳೊಂದಿಗೆ ಪುಂಗೋಲ್‌ನಲ್ಲಿ ಬಾಡಿಗೆ ಮನೆ ಹಿಡಿದಳು. ಅಲ್ಲಿ ಆಗ ಎಲ್ಲಿ ನೋಡಿದರೂ ಹೊಸ ಬ್ಲಾಕುಗಳು, ಕ್ರೇನುಗಳು, ಪ್ರತಿ ಬ್ಲಾಕಿನಲ್ಲೂ ಒಂದೆರಡು ಕನ್ನಡದ ಮನೆಗಳು.

ನಾನು ಮನೆಯಲ್ಲೇ ಅಡುಗೆ ಮಾಡಿ ಶನಿವಾರಗಳಂದು ಡಬ್ಬಿ ಕೊಡುತ್ತಿದ್ದೆ. ವಾರಕ್ಕೆ ನಾಲ್ಕು ತಿಂಡಿಯ ಹೆಸರು ಹೇಳುತ್ತಿದ್ದೆ. ಬಿಸಿಬೇಳೆಬಾತು, ಪುಳಿಯೋಗರೆ, ವಾಂಗಿಬಾತು, ಪೊಂಗಲ್ ಅಂತಿಟ್ಟುಕೊಳ್ಳಿ. ನಾಲ್ಕನ್ನೂ ಮಾಡಲು ನನ್ನ ಒಲೆಯಲ್ಲಿ ಜಾಗವಿಲ್ಲ, ಮೈಯಲ್ಲಿ ಶಕ್ತಿಯಿಲ್ಲ. ಆದ್ದರಿಂದ ಫೋನ್ ಮಾಡಿದವರನ್ನೆಲ್ಲ ಕೇಳುತ್ತಿದ್ದೆ: ‘ಅದಿಲ್ಲ ಅಂದ್ರೆ ಯಾವುದು? ಅದೂ ಇಲ್ಲ ಅಂದ್ರೆ?’ ಅವರು ಹೇಳಿದ ಕ್ರಮದಲ್ಲೇ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದೆ. ಗುರುವಾರ ಸಂಜೆ ಎಣಿಸುವುದು. ಎಲ್ಲಕ್ಕಿಂತ ಕಡಿಮೆ ಜನ ಕೇಳಿದ ತಿಂಡಿಗೆ ಅಡ್ಡಗೆರೆ. ಅದನ್ನು ಕೇಳಿದ್ದವರನ್ನು ಅವರವರ ಎರಡನೇ ತಿಂಡಿಗೆ ಸೇರಿಸುವುದು. ಮತ್ತೆ ಎಣಿಸುವುದು, ಮತ್ತೆ ಕಡಿಮೆಯದಕ್ಕೆ ಅಡ್ಡಗೆರೆ. ಕೊನೆಗೆ ಎರಡು ಪಾತ್ರೆ ಉಳಿಯುತ್ತಿದ್ದವು. ಯಾರೂ ಹಸಿದುಕೊಂಡಿರುತ್ತಿರಲಿಲ್ಲ, ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ.

ನಮ್ಮ ಕಡೆಯ ಕನ್ನಡದ ಮನೆಗಳವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೆವು. ದೊಡ್ಡ ಸಂಘವೇನಲ್ಲ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಮತ್ತೆ ಮಕ್ಕಳಿಗೆ ಶನಿವಾರದ ಕನ್ನಡ ಕ್ಲಾಸು. ಎರಡು ವರ್ಷಕ್ಕೊಮ್ಮೆ ಚುನಾವಣೆ. ಒಬ್ಬರಿಗೆ ಒಂದು ಗುರುತು, ಯಾರಿಗೆ ಹೆಚ್ಚು ಬಂತೋ ಅವರು ಗೆದ್ದರು. ಬಳಗ ಹುಟ್ಟಿದಂದಿನಿಂದ ಒಬ್ಬರೇ ಅಧ್ಯಕ್ಷರು, ಅವರ ಸ್ನೇಹಿತರೇ ಕಮಿಟಿ. ಪುಂಗೋಲ್‌ನಲ್ಲಿ ಮನೆಗಳು ಹೆಚ್ಚಾದ ಮೇಲೂ ಅಲ್ಲಿಂದ ಒಬ್ಬರೂ ಗೆಲ್ಲಲಿಲ್ಲ. ಯಾಕೆಂದರೆ ಪ್ರತಿ ಸಲವೂ ಅಲ್ಲಿಂದ ಮೂವರು ನಿಲ್ಲುತ್ತಿದ್ದರು: ಬೆಂಗಳೂರಿನವರು ಒಬ್ಬರು, ಮೈಸೂರಿನವರು ಒಬ್ಬರು, ಹುಬ್ಬಳ್ಳಿಯವರು ಒಬ್ಬರು. ನೀನು ಹಿಂದೆ ಸರಿ ಎಂದರೆ ಯಾರೂ ಸರಿಯುತ್ತಿರಲಿಲ್ಲ. ವೋಟು ಮೂರು ಪಾಲಾಗುತ್ತಿತ್ತು, ಅಧ್ಯಕ್ಷರ ಕಡೆಯವರು ಕಾಲ ಮೇಲೆ ಕಾಲು ಹಾಕಿಕೊಂಡು ಗೆಲ್ಲುತ್ತಿದ್ದರು. ಹೀಗಾಗಿ ಕನ್ನಡ ಕ್ಲಾಸು ಅಧ್ಯಕ್ಷರಿರುವ ಕಾಂಡೊ ಅಪಾರ್ಟ್‌ಮೆಂಟಿನ ರೂಮಿನಲ್ಲೇ ನಡೆಯಬೇಕು. ಪುಂಗೋಲ್‌ನ ಸಣ್ಣ ಸಣ್ಣ ಮಕ್ಕಳು ಶನಿವಾರ ಬೆಳಿಗ್ಗೆ ಎರಡು ಬಸ್ ಬದಲಿಸಿ ಬರಬೇಕು. ಅರ್ಧ ಮಕ್ಕಳು ಬಿಟ್ಟೇಬಿಟ್ಟಿದ್ದರು. ಕ್ಲಾಸಿನಲ್ಲಿ ಕಲಿಸುತ್ತಿದ್ದವಳು ನನ್ನ ತಂಗಿ. ಪುಂಗೋಲ್‌ನಲ್ಲಿ ಇನ್ನೊಂದು ಕ್ಲಾಸು ತೆರೆಯಬೇಕು ಎಂಬುದು ಅವಳ ಆಸೆ. ಬಳಗದಿಂದ ಅವಳು ಬೇರೇನೂ ಕೇಳಿದವಳಲ್ಲ.

ಆ ಮೇ ತಿಂಗಳು ಎಲ್ಲೆಲ್ಲೂ ಚುನಾವಣೆಯ ಮಾತು. ಸಿಂಗಾಪುರದಲ್ಲೂ ಚುನಾವಣೆ, ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನ ಮೇಜು ಮೇಜಿನಲ್ಲೂ ಅದೇ. ಅತ್ತ ಇಂಗ್ಲೆಂಡಿನಲ್ಲಿ, ವೋಟು ಹಾಕುವ ರೀತಿಯನ್ನೇ ಬದಲಿಸಬೇಕೋ ಬೇಡವೋ ಎಂದು ಇಡೀ ದೇಶವನ್ನು ಕೇಳುತ್ತಿದ್ದರು. ಒಂದು ಗುರುತು ಹಾಕುವ ಬದಲು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯುವ ರೀತಿ. ಇವೆಲ್ಲ ನನಗೆ ಗೊತ್ತಾದದ್ದು ತಂಗಿಯಿಂದ. ಒಂದು ಗುರುವಾರ ಸಂಜೆ ಆಫೀಸಿನಿಂದ ನೇರವಾಗಿ ನಮ್ಮ ಮನೆಗೆ ಬಂದವಳು, ನಾನು ನೋಟ್‌ಬುಕ್ಕಿನಲ್ಲಿ ಪೊಂಗಲ್ ಹೊಡೆದುಹಾಕಿ ಆ ಹೆಸರುಗಳನ್ನೆಲ್ಲ ಬೇರೆ ಕಡೆ ಬರೆಯುವುದನ್ನು ನಿಂತು ನೋಡಿದಳು.

‘ಅಕ್ಕ, ತಡಿ ತಡಿ. ಇವ್ರನ್ನ ಯಾಕೆ ಇಲ್ಲಿಗೆ ಶಿಫ್ಟ್ ಮಾಡ್ದೆ?’

‘ಪೊಂಗಲ್ ಇಲ್ವಲ್ಲ. ಅವರ ಸೆಕೆಂಡು ಪುಳಿಯೋಗರೆ.’

‘ಇಂಗ್ಲೆಂಡಲ್ಲಿ ಈಗ ಹೊಡೆದಾಡ್ತಿರೋದು ಇದಕ್ಕೇ ಕಣೇ! ನೀನು ವಾರ ವಾರ ಮಾಡ್ತಿದೀಯ!’

ಅವಳು ನಕ್ಕಳು, ನಾನೂ ನಕ್ಕೆ. ಊಟಕ್ಕೆ ಕೂತು ಅವಳು ಇಡೀ ವಿಷಯ ಹೇಳಿದಳು. ಬಳಗದಲ್ಲೂ ಹೀಗೇ ಮಾಡಬಹುದು, ಪುಂಗೋಲ್‌ನ ಮೂವರೂ ನಿಂತುಕೊಳ್ಳಲಿ, ಮೊದಲು ಸೋತವರ ಚೀಟಿ ಅದರಲ್ಲಿ ಬರೆದಿರುವ ಎರಡನೇ ಹೆಸರಿಗೆ ಹೋಗಲಿ, ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದವರು ಗೆಲ್ಲಲಿ. ನನಗೆ ಒಂದೇ ಸಲಕ್ಕೆ ತಿಳಿಯಿತು. ಅವಳು ಹೇಳಿ ಮುಗಿಸುವ ಮುಂಚೆಯೇ, ‘ಹಾಗಾದ್ರೆ ಮುಂದಿನ ಸಲ ನಿಮ್ಮೋರೇ ಬರ್ತಾರೆ’ ಎಂದೆ. ಅವಳು ನನ್ನ ಕೆನ್ನೆ ಹಿಂಡಿದಳು. ಇದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಕೆಟ್ಟದ್ದು ಹದಿನೈದು ದಿನಗಳ ನಂತರ ಆಯಿತು. ತಂಗಿ ಪುಂಗೋಲ್‌ನ ತನ್ನ ಮನೆಯಲ್ಲಿ ಒಂದಷ್ಟು ಮನೆಗಳವರನ್ನು ಕರೆದು ವಿಷಯ ವಿವರಿಸಿದಳು. ನಿಯಮ ಬದಲಿಸಲು ವಿಶೇಷ ಸಭೆ ಕರೆಯಬೇಕೆಂದು ಅರ್ಜಿಗೆ ಸಹಿ ಹಾಕಿಸುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲ್‌ನಲ್ಲಿ ಯಾರೋ ಗಂಡಸರು, ‘ತುಂಬ ಕಾಂಪ್ಲಿಕೇಟೆಡ್ ಅನ್ಸಲ್ವಾ ಮೇಡಮ್?’ ಎಂದರು. ತಂಗಿ ನನ್ನ ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಎತ್ತಿ ಹಿಡಿದಳು.

‘ನಮ್ಮಕ್ಕ ಓದಿರೋದು ಸೆವೆಂತ್ ಸ್ಟ್ಯಾಂಡರ್ಡ್. ಅವಳಿಗೇ ಇದು ಬರುತ್ತೆ ಅಂದ್ರೆ, ನಿಮಗ್ ಬರಲ್ವಾ ಸರ್?’

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಒಬ್ಬಾಕೆ ‘ಸೂಪರ್ ಅಕ್ಕ’ ಎಂದು ಅಡುಗೆಮನೆಯ ಕಡೆ ಕೈ ಬೀಸಿದಳು. ನಾನು ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವಳಿಗೇ ಬರುತ್ತೆ ಅಂದ್ರೆ. ಆ ‘ಅವಳಿಗೇ’ ಎಂಬ ಮಾತು ಮೈಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತು. ಎತ್ತಿ ಆಡಿಸಿದವಳು ನಾನು. ನನ್ನ ಸೊಂಟದ ಮೇಲೆ ಬೆಳೆದವಳು ಊರಿನವರ ಮುಂದೆಲ್ಲ ನನ್ನನ್ನು ಅಳತೆಯ ಕೋಲು ಮಾಡಿಕೊಂಡಳು: ಇವಳಿಗಿಂತ ಕೆಳಗೆ ಯಾರೂ ಇಲ್ಲ, ಆದ್ದರಿಂದ ಎಲ್ಲರಿಗೂ ಬರುತ್ತದೆ. ಅವಳ ಮನಸ್ಸಿನಲ್ಲಿ ಹಾಗಿರಲಿಲ್ಲ. ಹೆಮ್ಮೆಯಿಂದಲೇ ಅಂದಳು. ಅದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟನ್ನು ಬಿಡಲಿಲ್ಲ. ಅಷ್ಟು ದಿನ ಸುಮ್ಮನೆ ಮಲಗಿದ್ದ ಹೊಟ್ಟೆಯುರಿಗೆ ಒಂದು ನೆಪ ಸಿಕ್ಕಿತ್ತು. ಅವಲಕ್ಕಿ ಹಂಚಿ, ಪಾತ್ರೆ ತೊಳೆದು, ಯಾರಿಗೂ ಏನೂ ಹೇಳದೆ ಮನೆಗೆ ಬಂದೆ.

ಅರ್ಜಿ ಕಮಿಟಿಗೆ ಹೋಯಿತು. ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ ಜನ ‘ಬೇಡ’ ಎಂದಾಗಿತ್ತು. ಅಧ್ಯಕ್ಷರು ಹಿಂದೆ ಕೆಲವು ವರ್ಷ ಲಂಡನ್ನಿನಲ್ಲಿ ಕೆಲಸ ಮಾಡಿದ್ದವರು, ಅಲ್ಲಿ ಬೇಡ ಎಂದವರು ಏನೇನು ಹೇಳಿ ಗೆದ್ದರು ಎಂಬುದನ್ನೆಲ್ಲ ಪ್ರಿಂಟ್ ತೆಗೆದು ಒಂದು ಫೈಲು ಮಾಡಿಕೊಂಡಿದ್ದರು. ಗೊಂದಲವಾಗುತ್ತದೆ, ಖರ್ಚಾಗುತ್ತದೆ, ಕೆಲವರಿಗೆ ಎರಡೆರಡು ವೋಟು ಸಿಕ್ಕ ಹಾಗಾಗುತ್ತದೆ. ಆ ಫೈಲು ಹಿಡಿದುಕೊಂಡು ಅವರು, ಅವರ ಹೆಂಡತಿ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಅವರು ನಮ್ಮ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಆಕೆಯ ಕೈಯಲ್ಲಿ ಹಣ್ಣಿನ ಬುಟ್ಟಿ.

‘ನೋಡಿ ಅಕ್ಕ,’ ಅಧ್ಯಕ್ಷರು ಶುರು ಮಾಡಿದರು, ‘ನಿಮ್ ತಂಗಿ ಬ್ರಿಲಿಯಂಟು, ಅದ್ರಲ್ಲಿ ಡೌಟಿಲ್ಲ. ಆದ್ರೆ ಇದು ಬ್ರಿಲಿಯಂಟ್ ಜನಕ್ಕೆ ಮಾತ್ರ. ನಿಮ್ಮಂಥೋರ ಗತಿ ಏನು? ಸೀದಾ ಸಾದಾ ಜನ. ಬಂದು, ಒಂದು ಟಿಕ್ ಹಾಕಿ, ಊಟ ಮಾಡ್ಕೊಂಡು ಹೋಗೋರು. ನಿಮಗೋಸ್ಕರ ನಾವ್ ಫೈಟ್ ಮಾಡ್ತಿರೋದು.’

‘ಅಲ್ಲಿ ಅವತ್ತು ನಿಮ್ಮನ್ನ ಏನೋ ಅಂದ್ರಂತೆ,’ ಎಂದರು ಹೆಂಡತಿ, ತಲೆ ಬಗ್ಗಿಸಿ ಬಟ್ಟಲಿನಲ್ಲಿದ್ದ ಕೋಡುಬಳೆ ನೋಡುತ್ತಾ. ‘ಕೇಳಿ ನಂಗೆ ತುಂಬ ಬೇಜಾರಾಯ್ತು. ಒಡಹುಟ್ಟಿದೋರು ಹಂಗೆಲ್ಲ ಅನ್ಬಾರ್ದಪ್ಪ.’

ಅವರಿಬ್ಬರೂ ನನ್ನನ್ನು ದಡ್ಡಿ ಎಂದು ನನ್ನ ಸೋಫಾದ ಮೇಲೆ ಕೂತೇ ಹೇಳುತ್ತಿದ್ದರು, ನಾನು ಮಾಡಿದ ಕೋಡುಬಳೆ ಕಡಿಯುತ್ತಾ. ತಂಗಿ ಅಂದ ಒಂದು ಮಾತಿಗೆ ಉರಿದು ಬಿದ್ದವಳು ಇವರ ಹತ್ತು ಮಾತಿಗೆ ಮಣೆ ಹಾಕಿದೆ. ಆ ಮನುಷ್ಯನಿಗೆ ನನ್ನಂಥವರ ಗತಿ ಎಂದಾದರೂ ನೆನಪಾಗಿತ್ತೆ? ಹಬ್ಬದ ದಿನ ಇನ್ನೂರು ಎಲೆಗೆ ಅಡುಗೆ ಮಾಡಿದಾಗ ವೇದಿಕೆ ಮೇಲೆ ಹೂಗುಚ್ಛ ಕೊಟ್ಟದ್ದು ಕೇಟರಿಂಗ್ ಕೋಆರ್ಡಿನೇಟರ್ ಎಂಬ ಗಂಡಸಿಗೆ. ಇವೆಲ್ಲ ತಲೆಯಲ್ಲಿ ಓಡುತ್ತಿದ್ದರೂ ನನ್ನ ಬಾಯಿ ಬೇರೆಯದನ್ನೇ ಹೇಳಿತು. ‘ಹೌದು ಸರ್, ನನಗೂ ತಲೆ ಬುಡ ಗೊತ್ತಾಗಲಿಲ್ಲ.’

‘ಇದನ್ನೇ ನೀವು ಹೇಳ್ಬೇಕು ಅಕ್ಕ! ಮೈಕಲ್ಲಿ!’

ಆ ವಾರವೇ ಕರಪತ್ರ ಬಂತು. ಹೊಳೆಯುವ ಕಾಗದ. ಮಧ್ಯದಲ್ಲಿ ನನ್ನ ಪಟ, ಯುಗಾದಿಯ ದಿನ ಯಾರೋ ತೆಗೆದದ್ದು, ಕೈಯಲ್ಲಿ ಸೌಟು, ಹಣೆಯಲ್ಲಿ ಬೆವರು. ಮೇಲೆ ದಪ್ಪ ಅಕ್ಷರದಲ್ಲಿ, ‘ನಮ್ಮ ಅಕ್ಕನಿಗೆ ಅರ್ಥವಾಗದ ವೋಟು ನಮಗೆ ಬೇಡ’. ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ಅದನ್ನು ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಹೆಮ್ಮೆಯಾಯಿತು. ಮದುವೆಯ ಪಟ ಬಿಟ್ಟರೆ ಅಷ್ಟು ದೊಡ್ಡದಾಗಿ ನನ್ನ ಮುಖವನ್ನು ಎಲ್ಲೂ ನೋಡಿರಲಿಲ್ಲ. ಶನಿವಾರ ನಮ್ಮ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಮೇಲೆ ಡಬ್ಬಿಗಳನ್ನು ಇಟ್ಟುಕೊಂಡು, ಪ್ರತಿ ಡಬ್ಬಿಯ ಮೇಲೆ ಒಂದೊಂದು ಕರಪತ್ರ ಇಟ್ಟು ರಬ್ಬರ್ ಬ್ಯಾಂಡು ಹಾಕಿದೆ. ಮೂರು ಶನಿವಾರ ಹೀಗೆ. ಊಟ ಒಯ್ಯಲು ಬಂದವರಲ್ಲಿ ಬಹಳ ಜನ ಹೆಣ್ಣುಮಕ್ಕಳು, ನನ್ನ ಕೈಯಡುಗೆ ತಿಂದು ಬಾಣಂತನ ಮಾಡಿಸಿಕೊಂಡವರೂ ಅದರಲ್ಲಿದ್ದರು. ‘ನೀವು ಹೇಳಿದ್ಮೇಲೆ ಮುಗೀತು ಆಂಟಿ’ ಎಂದು ಓದದೆಯೇ ಬ್ಯಾಗಿಗೆ ಹಾಕಿಕೊಂಡರು. ಅವರಲ್ಲೊಬ್ಬರ ಮಗಳು, ಆರು ವರ್ಷದವಳು, ಕರಪತ್ರ ನೋಡಿ, ‘ಅಜ್ಜಿ, ಯು ಸೋ ಫೇಮಸ್ ಲಾ!’ ಎಂದಳು. ಅವಳೂ ತಂಗಿಯ ಕ್ಲಾಸು ಬಿಟ್ಟ ಮಕ್ಕಳಲ್ಲಿ ಒಬ್ಬಳು.

ತಿಂಡಿಯ ಹೆಸರು ಬರೆಸುವಾಗ ಅವತ್ತೂ ಅವರೆಲ್ಲ ನನಗೆ ಒಂದನೆಯದು, ಎರಡನೆಯದು, ಮೂರನೆಯದು ಎಂದು ಸಲೀಸಾಗಿ ಹೇಳುತ್ತಿದ್ದರು. ನಾನೂ ಬರೆದುಕೊಳ್ಳುತ್ತಿದ್ದೆ. ಅವರಲ್ಲಿ ಒಬ್ಬರಿಗೂ ಇದು ಅದೇ ಅಲ್ಲವಾ ಎಂದು ಹೊಳೆಯಲಿಲ್ಲ. ಹೊಳೆಯದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನಮ್ಮ ಯಜಮಾನರಿಗೆ ಮಾತ್ರ ಹೊಳೆಯಿತು. ಒಂದು ದಿನ ಕರಪತ್ರವನ್ನೂ ನೋಟ್‌ಬುಕ್ಕನ್ನೂ ಪಕ್ಕ ಪಕ್ಕ ಇಟ್ಟುಕೊಂಡು, ‘ನಿಂಗೆ ನಿಜವಾಗ್ಲೂ ಅರ್ಥ ಆಗಲ್ವೇನೆ?’ ಎಂದರು.

‘ನೀವು ಯಾರ ಕಡೆ?’ ಎಂದು ರೇಗಿದೆ.

‘ನಾನು ನಿನ್ ಕಡೆನೇ. ಅದಕ್ಕೇ ಕೇಳ್ದೆ.’

ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ನಿಲ್ಲುತ್ತಿದ್ದೆನೇನೋ. ಇಲ್ಲ, ನಿಲ್ಲುತ್ತಿರಲಿಲ್ಲ. ತಪ್ಪನ್ನು ಅವರ ಮೇಲೂ ಸ್ವಲ್ಪ ಜಾರಿಸುವ ಚಾಳಿ ಇದು.

ಸಭೆಯ ದಿನ ಹಾಲ್ ತುಂಬಿತ್ತು. ತಂಗಿ ಮೊದಲು ಮಾತಾಡಿದಳು. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು, ಮೂವರು ನಿಂತರೆ ಏನಾಗುತ್ತದೆ, ಚೀಟಿ ಹೇಗೆ ಹೋಗುತ್ತದೆ. ಚೆನ್ನಾಗಿ ಹೇಳಿದಳು, ಸ್ವಲ್ಪ ಜಾಸ್ತಿ ಇಂಗ್ಲಿಷು. ಆಮೇಲೆ ಅಧ್ಯಕ್ಷರು ನನ್ನನ್ನು ಕರೆದರು. ಅವರು ಬರೆದುಕೊಟ್ಟ ಚೀಟಿ ನನ್ನ ಕೈಯಲ್ಲಿತ್ತು, ಆದರೆ ನೋಡುವ ಅಗತ್ಯ ಬೀಳಲಿಲ್ಲ. ನಾನು ಓದಿಲ್ಲದವಳು, ಅಡುಗೆ ಮಾಡಿಕೊಂಡು ಇರುವವಳು, ಒಂದು ಗುರುತು ಹಾಕು ಎಂದರೆ ಹಾಕುತ್ತೇನೆ, ಒಂದು ಎರಡು ಮೂರು ಎಂದರೆ ನನ್ನ ತಲೆಗೆ ಹೋಗುವುದಿಲ್ಲ, ನನ್ನಂಥವರನ್ನು ಹೊರಗೆ ಇಡಬೇಡಿ. ಹೀಗೆ ಹೇಳಿದೆ. ಧ್ವನಿ ನಡುಗಿಸಿದೆ ಕೂಡ. ಎಲ್ಲಿಂದ ಬಂತೋ ಆ ನಾಟಕ.

ಚಪ್ಪಾಳೆ ಬಿತ್ತು. ಅದರ ನಡುವೆ ತಂಗಿ ಎದ್ದು ನಿಂತಳು. ಸಿಟ್ಟಿನಿಂದಲ್ಲ. ಒಳ್ಳೆ ಮನಸ್ಸಿನಿಂದ, ನನಗೆ ನೆನಪಿಸುವವಳ ಹಾಗೆ ಕೇಳಿದಳು.

‘ಅಕ್ಕ, ನೀನು ಗುರುವಾರ ಗುರುವಾರ ಮಾಡೋದು ಇದೇ ಅಲ್ವಾ? ಪೊಂಗಲ್ ಹೊಡೆದ್ರೆ ಪುಳಿಯೋಗರೆಗೆ ಹೋಗ್ತಾರಲ್ಲ, ಅದೇ ಕಣೇ ಇದು.’

ಎಲ್ಲರೂ ನನ್ನ ಕಡೆ ತಿರುಗಿದರು. ಆ ಒಂದು ಕ್ಷಣ ಸಾಕಿತ್ತು. ಹೌದು ಎಂದಿದ್ದರೆ ಅಲ್ಲಿದ್ದ ಅಷ್ಟೂ ಹೆಣ್ಣುಮಕ್ಕಳಿಗೆ ತಟ್ಟನೆ ತಿಳಿಯುತ್ತಿತ್ತು. ಅವಳ ಎಲ್ಲ ಚಿತ್ರಗಳಿಗಿಂತ ಆ ಒಂದು ‘ಹೌದು’ ಹೆಚ್ಚು ಕೆಲಸ ಮಾಡುತ್ತಿತ್ತು. ಅವಳು ನನ್ನನ್ನೇ ನಂಬಿ ನಿಂತಿದ್ದಳು.

‘ಅಯ್ಯೋ, ಅಡುಗೆಗೂ ಎಲೆಕ್ಷನ್ನಿಗೂ ಎಲ್ಲಿಂದೆಲ್ಲಿಗೆ ತಾಯಿ! ನಂಗೆ ಇವೆಲ್ಲ ಗೊತ್ತಾಗಲ್ಲ, ಬಿಟ್ಬಿಡು’ ಎಂದೆ.

ಹಾಲ್ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಒಬ್ಬ, ‘ಪಾಪ, ಅಕ್ಕನ್ ಬಿಟ್ಬಿಡಿ ಮೇಡಮ್!’ ಎಂದು ಕೂಗಿದ. ತಂಗಿ ಕೂತಳು.

ಚೀಟಿ ಹಾಕಿದರು. ಬೇಕು, ಬೇಡ, ಎರಡೇ ಮಾತು. ಹನ್ನೊಂದು ವೋಟಿನ ಅಂತರದಲ್ಲಿ ‘ಬೇಡ’ ಗೆದ್ದಿತು. ನನ್ನ ಡಬ್ಬಿ ಒಯ್ಯುವ ಮನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ನನಗೆ ಸಿಂಗಾಪುರದಲ್ಲಿ ವೋಟಿಲ್ಲ, ನಾವು ಇಲ್ಲಿನ ಪ್ರಜೆಗಳಲ್ಲ. ಊರಿನ ಪಟ್ಟಿಯಿಂದಲೂ ನನ್ನ ಹೆಸರು ಯಾವತ್ತೋ ಬಿಟ್ಟುಹೋಗಿದೆ. ಇಡೀ ಭೂಮಿಯ ಮೇಲೆ ನನಗಿದ್ದ ಒಂದೇ ವೋಟು ಆ ಬಳಗದ್ದು. ಅದನ್ನು ಹೀಗೆ ಖರ್ಚು ಮಾಡಿದೆ. ಅಧ್ಯಕ್ಷರ ಕಡೆಯವರು ನನ್ನನ್ನು ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು. ಆಮೇಲೆ ಒಬ್ಬರು, ‘ಅಕ್ಕ, ಊಟ ಬಡಿಸೋಕೆ ಜನ ಕಮ್ಮಿ ಇದಾರೆ’ ಎಂದರು. ಸೆರಗು ಸಿಕ್ಕಿಸಿಕೊಂಡು ಹೋದೆ.

ತಂಗಿ ನನ್ನ ಜೊತೆ ಜಗಳ ಆಡುತ್ತಾಳೆಂದು ಕಾದಿದ್ದೆ. ಉತ್ತರಗಳನ್ನೂ ಹೊಂದಿಸಿಕೊಂಡಿದ್ದೆ. ಮರುದಿನ ಅವಳು ಬಂದದ್ದು ಕಣ್ಣೀರು ತುಂಬಿಕೊಂಡು.

‘ತಪ್ಪು ನಂದೇ ಅಕ್ಕ. ನಿಂಗೆ ಗೊತ್ತಾಯ್ತು ಅಂತ ನಾನೇ ಅಂದ್ಕೊಂಡ್ಬಿಟ್ಟೆ. ಕೂರಿಸ್ಕೊಂಡು ಸರಿಯಾಗಿ ಹೇಳ್ಲಿಲ್ಲ. ಅಷ್ಟ್ ಜನದ್ ಮುಂದೆ ನಿನ್ನ ಕೇಳಿ ಅವಮಾನ ಮಾಡ್ದೆ.’

ನನ್ನ ಕಾಲು ಮುಟ್ಟಿದಳು. ನಾನು ತಡೆಯಲಿಲ್ಲ. ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ಬರೆಯಲೇಬೇಕು: ತಡೆಯಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಅವಳು ಬಂದು ನನಗೆ ಪಾಠ ಹೇಳತೊಡಗಿದಳು. ಅಕ್ಕನಿಗೆ ಓದು ತಪ್ಪಿದ್ದು ತನ್ನಿಂದ, ಈಗ ತಾನೇ ಕಲಿಸಬೇಕು ಎಂದು ಅವಳ ತಲೆಗೆ ಹೊಕ್ಕಿತ್ತು. ಮಕ್ಕಳ ಕ್ಲಾಸಿಗೆಂದು ಮಾಡಿದ್ದ ಬಣ್ಣದ ಕಾರ್ಡುಗಳನ್ನು ತರುತ್ತಿದ್ದಳು. ಶೇಕಡಾ ಅಂದರೆ ಏನು, ಅರ್ಧಕ್ಕಿಂತ ಹೆಚ್ಚು ಅಂದರೆ ಏನು. ನನಗೆ ಗೊತ್ತಿದ್ದದ್ದನ್ನೇ ನಾನು ಗೊತ್ತಿಲ್ಲದವಳ ಹಾಗೆ ಕೇಳಬೇಕು, ಬೇಕೆಂದೇ ಒಂದೆರಡು ತಪ್ಪು ಮಾಡಬೇಕು, ಆಮೇಲೆ ತಿಳಿದವಳ ಹಾಗೆ ಮುಖ ಅರಳಿಸಬೇಕು. ಅವಳಿಗೆ ಸಂತೋಷವಾಗುತ್ತಿತ್ತು. ಜೋರಾಗಿ ಬೈದಿದ್ದರೆ ಸಹಿಸುತ್ತಿದ್ದೆ. ಆ ತಾಳ್ಮೆಯನ್ನು ಸಹಿಸಲಾಗಲಿಲ್ಲ. ನನ್ನನ್ನು ಒಂದು ಮಗುವಿನ ಹಾಗೆ ಮಾತಾಡಿಸುತ್ತಿದ್ದಾಳೆ ಎಂದು ಒಳಗೇ ಕುದಿಯುತ್ತಿದ್ದೆ. ಹಾಗೆ ಮಾತಾಡಿಸುವಂತೆ ಮಾಡಿದ್ದು ಯಾರು?

ಅತ್ತ ಪುಂಗೋಲ್‌ಗೆ ಕ್ಲಾಸು ಕೊಡಲು ಕಮಿಟಿ ಒಪ್ಪಲಿಲ್ಲ. ತಂಗಿ ತನ್ನ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲೇ ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡಿದಳು. ಬಳಗದ ಹೆಸರು ಬಳಸಬಾರದು, ಬಳಗದ ಪುಸ್ತಕಗಳನ್ನು ವಾಪಸ್ ಕೊಡಬೇಕು ಎಂದು ಇಮೇಲ್ ಬಂತು. ಅವಳೇ ಕೈಯಾರೆ ಬರೆದು ಜೆರಾಕ್ಸ್ ಮಾಡಿಸಿದ ಪುಸ್ತಕಗಳು ಅವು! ಸಹಿ ಹಾಕಿದ್ದವರು ನಮ್ಮ ಸೋಫಾದ ಮೇಲೆ ಕೂತು ನಿಮ್ಮ ತಂಗಿ ಬ್ರಿಲಿಯಂಟು ಎಂದಿದ್ದ ಅದೇ ಮನುಷ್ಯ. ಬರಬರುತ್ತ ಮಕ್ಕಳು ಕಡಿಮೆಯಾದರು. ಒಂದು ಭಾನುವಾರ ಅವಳು, ‘ಕ್ಲಾಸ್ ನಿಲ್ಲಿಸ್ಬಿಟ್ಟೆ ಅಕ್ಕ, ಸಾಕಾಯ್ತು’ ಎಂದು ಹೇಳಿ, ಅದೇ ಉಸಿರಿನಲ್ಲಿ ನನ್ನ ಮುಂದೆ ಕಾರ್ಡುಗಳನ್ನು ಜೋಡಿಸಿದಳು. ಈಗ ಅವಳಿಗೆ ಉಳಿದಿದ್ದ ವಿದ್ಯಾರ್ಥಿ ನಾನೊಬ್ಬಳೇ.

ಅವತ್ತು ನನ್ನ ಕೈಲಾಗಲಿಲ್ಲ. ‘ಬಾ, ಹೊರಗೆ ಹೋಗೋಣ’ ಎಂದು ಪಾಸಿರ್ ರಿಸ್ ಬೀಚ್ ಪಾರ್ಕಿಗೆ ಕರೆದುಕೊಂಡು ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು, ಒಂದು ಮರದ ಬುಡದಲ್ಲಿ ಬೆಂಚಿನ ಮೇಲೆ ಕೂತೆವು.

‘ನಂಗೆ ಅರ್ಥ ಆಗಿತ್ತು’ ಎಂದೆ.

‘ಯಾವುದು?’

‘ಎಲ್ಲ. ಮೊದಲನೇ ದಿನವೇ. ಮೈಕಲ್ಲಿ ಹೇಳಿದ್ದು ಸುಳ್ಳು.’

ಅವಳು ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಮುಖ ನೋಡಿದಳು. ಅವಲಕ್ಕಿಯ ದಿನ, ‘ಅವಳಿಗೇ’ ಎಂದದ್ದು, ಹಣ್ಣಿನ ಬುಟ್ಟಿ, ಎಲ್ಲವನ್ನೂ ಹೇಳಿದೆ. ಅವಳು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು.

‘ಆಫೀಸ್ ಬಸ್ಸಲ್ಲಿ ಬಳಗದೋನೊಬ್ಬ ನಿನ್ನ ಆ್ಯಕ್ಟ್ ಮಾಡಿ ತೋರಿಸ್ತಿದ್ದ. ಗೊತ್ತಾಗಲ್ಲ ತಾಯಿ, ಬಿಟ್ಬಿಡು, ಅಂತ. ಎಲ್ರೂ ನಗ್ತಿದ್ರು. ನಾನು ಅವನ ಕಾಲರ್ ಹಿಡ್ಕೊಂಡೆ ಅಕ್ಕ. ನಮ್ಮಕ್ಕ ದಡ್ಡಿ ಅಲ್ಲ, ಅವಳಿಗೆ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ ಅಂತ ಬಸ್ಸಲ್ಲಿ ಕಿರುಚಾಡಿದೀನಿ.’ ಎದ್ದು ನಿಂತಳು. ‘ನಂಗ್ ಹೇಳಿದ್ ಸಾಕು. ಹೋಗಿ ಅವರಿಗೆ ಹೇಳು.’

ಅಲ್ಲಿಂದ ಒಬ್ಬಳೇ ಬಸ್ ಸ್ಟಾಪಿನ ಕಡೆ ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಫೋನ್ ಮಾಡಿದರೆ ಅವಳ ಗಂಡ ಎತ್ತಿ, ‘ಮೀಟಿಂಗಲ್ಲಿದಾಳೆ ಅಕ್ಕ’ ಎನ್ನುತ್ತಿದ್ದರು. ಭಾನುವಾರ ಎಂಥ ಮೀಟಿಂಗು?

ಅವರಿಗೆ ಹೇಳಲು ಮುಂದಿನ ವರ್ಷದ ವಾರ್ಷಿಕ ಸಭೆಯವರೆಗೆ ಕಾಯಬೇಕಾಯಿತು. ಅದೇ ಹಾಲ್, ಅಡುಗೆ ನನ್ನದೇ. ವರದಿ ಓದಿ ಮುಗಿಸಿ, ‘ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?’ ಎಂದಾಗ ಕೈ ಎತ್ತಿದೆ. ಅಧ್ಯಕ್ಷರು ನನ್ನನ್ನು ನೋಡಿ ನಕ್ಕರು.

‘ಅಕ್ಕ, ಊಟ ರೆಡಿನಾ?’

‘ಮೈಕ್ ಕೊಡಿ ಸರ್. ಒಂದು ಮಾತಿದೆ.’

‘ಟೈಮಿಲ್ಲ ಅಕ್ಕ, ಊಟ ಆದ್ಮೇಲೆ ನೋಡೋಣ.’

ಅವತ್ತು ಬಾ ಬಾ ಎಂದು ಕರೆದು ಕೊಟ್ಟಿದ್ದ ಮೈಕು. ನನ್ನ ಗಂಟಲಿಗೇನು ಬಂದಿತ್ತು, ಎದ್ದು ನಿಂತು ಹಾಗೆಯೇ ಹೇಳಿದೆ. ‘ಹೋದ ವರ್ಷ ನನಗೆ ಅರ್ಥ ಆಗಲ್ಲ ಅಂದೆ. ಸುಳ್ಳು ಹೇಳ್ದೆ. ನನಗೆ ಚೆನ್ನಾಗಿ ಅರ್ಥ ಆಗಿತ್ತು. ನಿಮ್ಮಲ್ಲಿ ನನ್ನ ಡಬ್ಬಿ ತಗೊಳ್ಳೋ ಎಲ್ಲರಿಗೂ ಅರ್ಥ ಆಗಿತ್ತು, ವಾರ ವಾರ ನೀವು ನನಗೆ ಹೇಳ್ತಿದ್ದದ್ದೇ ಅದು. ನನ್ನ ತಂಗಿ ಮೇಲಿನ ಹೊಟ್ಟೆಕಿಚ್ಚಿಗೆ ಬೇಡ ಅಂದೆ. ಇವರಿಗೆ ಒಬ್ಬಳು ದಡ್ಡಿ ಬೇಕಾಗಿತ್ತು, ನಾನು ಹೋಗಿ ನಿಂತೆ.’

ಯಾರೋ ಕಿಸಕ್ಕೆಂದರು. ಕೆಲವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರ ಹೆಂಡತಿ ಎದ್ದು ಬಂದು ನನ್ನ ತೋಳು ಹಿಡಿದು, ‘ಬಿಪಿ ಜಾಸ್ತಿ ಆಗಿದೆಯಾ ಅಕ್ಕ?’ ಎಂದು ಕೇಳಿದರು. ಅಧ್ಯಕ್ಷರು ಮೈಕಿನಲ್ಲಿ, ‘ವೋಟಿಂಗ್ ಆಗಿ ಮುಗಿದಿದೆ, ಅದನ್ನ ಈಗ ಕೆದಕೋದು ಬೇಡ, ಅಕ್ಕನಿಗೆ ಒಂದು ಚಪ್ಪಾಳೆ’ ಎಂದರು. ಜನ ತಟ್ಟಿದರು. ನನ್ನ ಜೀವನದಲ್ಲಿ ಕೇಳಿದ ಅತ್ಯಂತ ಕೆಟ್ಟ ಸದ್ದು ಅದು. ನಾನು ಬಡಿಸಲಿಲ್ಲ. ಪಾತ್ರೆಗಳನ್ನು ಹಾಗೇ ಬಿಟ್ಟು ಮನೆಗೆ ಬಂದೆ.

ನಿಯಮ ಬದಲಾಗಲಿಲ್ಲ. ಇವತ್ತಿಗೂ ಆಗಿಲ್ಲ. ಕ್ಲಾಸು ಮತ್ತೆ ಶುರುವಾಗಲಿಲ್ಲ. ಅಂದು ಆರು ವರ್ಷದವಳಾಗಿದ್ದ ಆ ಹುಡುಗಿ ಈಗ ಎದುರು ಸಿಕ್ಕರೆ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ. ನಾನು ಬಾಯಿ ಬಿಟ್ಟದ್ದರಿಂದ ಯಾರಿಗೂ ಏನೂ ದಕ್ಕಲಿಲ್ಲ.

ಸಭೆಯಾದ ಮೂರನೇ ದಿನ, ಸಂಜೆ ಬೆಳಕಿರುವಾಗಲೇ, ಸುದ್ದಿ ಕೇಳಿ ತಂಗಿ ಬಂದಳು. ಆಫೀಸಿನ ಕಾರ್ಡು ಇನ್ನೂ ಕೊರಳಲ್ಲೇ ಇತ್ತು. ಒಳಗೆ ಬಂದು ಚಪ್ಪಲಿಯನ್ನೂ ಬಿಡದೆ ಶುರು ಮಾಡಿದಳು. ‘ತಿಂಗಳುಗಟ್ಟಲೆ! ತಿಂಗಳುಗಟ್ಟಲೆ ನನ್ ಮುಂದೆ ಕೂತ್ಕೊಂಡು ಅರ್ಧ ಅಂದ್ರೆ ಏನೇ ಅಂತ ಕೇಳ್ತಿದ್ದೆ! ಎಂಥ ಕ್ರಿಮಿನಲ್ ಬುದ್ಧಿ ಕಣೇ ನಿಂದು! ಇಷ್ಟು ತಲೆ ಇಟ್ಕೊಂಡು ಅದನ್ನ ನನ್ ಮೇಲೇ ಉಪಯೋಗಿಸ್ದಲ್ಲ!’ ಮಡಿಸಿಟ್ಟಿದ್ದ ಬಟ್ಟೆಯ ರಾಶಿಯನ್ನು ಕೆಡವಿದಳು. ನಾನು ‘ಅವಳಿಗೇ ಅಂದ್ಯಲ್ಲ ನೀನು’ ಎಂದೆ. ‘ಅಂದೆ! ಅಂದೆ! ಅದಕ್ಕೆ ಬಂದು ನನ್ ಕಪಾಳಕ್ಕೆ ಹೊಡೀಬೇಕಿತ್ತು ನೀನು!’ ಎಂದು ಕಿರುಚಿದಳು. ನಾನೂ ಕಿರುಚಿದೆ. ಪಕ್ಕದ ಮನೆಯವರು ಬಾಗಿಲು ತೆಗೆದು ಇಣುಕಿದರು.

ಅವಳು ಹುಟ್ಟಿದಾಗಿನಿಂದ ನಾವಿಬ್ಬರೂ ಹಾಗೆ ಜಗಳ ಆಡಿದ್ದಿಲ್ಲ. ದಡ್ಡಿಯ ಜೊತೆ ಯಾರೂ ಹಾಗೆ ಜಗಳ ಆಡುವುದಿಲ್ಲ. ಅವಳು ನನ್ನನ್ನು ಕ್ಷಮಿಸಲಿಲ್ಲ, ಹಾಗೆಂದು ಬಾಯಿಬಿಟ್ಟೇ ಹೇಳಿದಳು. ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದಳು. ಹದಿನೈದು ದಿನದ ಮೇಲೆ ಮತ್ತೆ ಬಂದಳು, ಬಿಟ್ಟಲ್ಲಿಂದಲೇ ಜಗಳ ಮುಂದುವರಿಸಲು.